ಕೂಸಿನ ಕೆನ್ನೆಯ ಅರಿಶಿನ

ಆ ಪಾಳೆಗಾರನಿಗೆ ಸಿಟ್ಟು ಬಂದರೆ ಊರ ನಾಯಿಗಳೂ ಬೊಗಳುತ್ತಿರಲಿಲ್ಲ. ಒಂದು ದಿನ ಅವನ ಮೊಮ್ಮಗುವಿನ ಕೆನ್ನೆ ತುಂಬ ಕೆಂಪು ಗುಳ್ಳೆಗಳೆದ್ದವು. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಮುದುಕಿಯನ್ನು ಆಳುಗಳು ಎಳೆತಂದರು.

“ಇದು ನಿನ್ನ ಎಣ್ಣೆಯದೇ ಕೆಲಸ! ನಾಳೆ ನಿನ್ನ ತಲೆ ತೆಗೆಸ್ತೀನಿ,” ಎಂದು ಪಾಳೆಗಾರ ಗುಡುಗಿದ. ಅವನ ಬಿಳಿ ಮೀಸೆಯಿಂದ ಅತ್ತರು ಘಮ್ಮೆಂದಿತು.

ಗುಳ್ಳೆಗಳ ಕಾರಣ ಮುದುಕಿಗೆ ಗೊತ್ತಿತ್ತು. ಬಾಯಿಬಿಟ್ಟರೆ ತಲೆ ಇವತ್ತೇ ಹೋಗುತ್ತಿತ್ತು.

“ಬುದ್ಧಿ, ಕೂಸಿನ ಕೆನ್ನೆಗೆ ಬರೀ ಅರಿಶಿನ ಬಳೀತೀನಿ. ಗುಳ್ಳೆ ಎಬ್ಬಿಸಿದ ಪಾಪಿ ನಾಳೆ ತಾನೇ ಹಳದಿಯಾಗಿ ಸಿಕ್ಕಿಬೀಳ್ತಾನೆ.”

“ಸಿಗಲಿ, ಅವನ ತಲೆ ಉಳಿಸೋಲ್ಲ!”

ಮರುದಿನ ಪಾಳೆಗಾರ ಚಾವಡಿಯಲ್ಲಿ ಒಬ್ಬೊಬ್ಬರ ಮುಖವನ್ನೂ ದುರುಗುಟ್ಟಿ ನೋಡಿದ. ಅವನನ್ನು ಕಂಡವರೆಲ್ಲ ಬೆವತು ತಲೆ ತಗ್ಗಿಸಿದರು. ಯಾರ ಮುಖದಲ್ಲೂ ಅರಿಶಿನವಿರಲಿಲ್ಲ.

“ಎಲ್ಲೇ ಆ ಪಾಪಿ?”

ಮುದುಕಿ ಅವನ ಮುಖಕ್ಕೇ ಕನ್ನಡಿ ಹಿಡಿದಳು. ಎಂದಿನಂತೆ ಬೆಳಿಗ್ಗೆ ಎದ್ದವನೇ ಕೂಸಿಗೆ ಮುತ್ತಿಟ್ಟು ಬಂದಿದ್ದ ಪಾಳೆಗಾರನ ಮೀಸೆ ಹಳದಿಯಾಗಿತ್ತು.

“ಅತ್ತರು ಎಳೆ ಚರ್ಮಕ್ಕೆ ಬೆಂಕಿ, ಬುದ್ಧಿ,” ಎಂದಳು.

ಪಾಳೆಗಾರನ ಕೈ ಮೆಲ್ಲಗೆ ತನ್ನ ಕುತ್ತಿಗೆಗೆ ಹೋಯಿತು. “ತಲೆ ಉಳಿಸೋಲ್ಲ ಅಂದುಬಿಟ್ಟೆನಲ್ಲೇ...”

ಮುದುಕಿ ಕೈಮುಗಿದಳು. “ತಲೆ ಯಾಕೆ ಬುದ್ಧಿ? ಮೀಸೆ ಸಾಕು.”