ತುಂಬಿದ ಕೆರೆಯ ತೂಬು

“ಗುರುಗಳೇ, ಮಾಡಿದ ಕೆಲಸ ಸರಿಯೋ ತಪ್ಪೋ ಎಂಬುದನ್ನು ಅದರ ಫಲ ನೋಡಿ ತಾನೇ ಹೇಳಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನ ಕೆರೆ ಬಹಳ ವರ್ಷಗಳ ಮೇಲೆ ತುಂಬಿತು. ಮರುದಿನ ಬಾಗಿನ ಬಿಡುವುದೆಂದು ಊರು ನಿಶ್ಚಯಿಸಿತು. ಮೊರ, ಬಳೆ, ಅರಿಸಿನ ಕುಂಕುಮ ಸಿದ್ಧವಾದವು. ಅಷ್ಟರಲ್ಲಿ ರೇಡಿಯೋದಲ್ಲಿ ಮುನ್ಸೂಚನೆ ಬಂತು: ನಾಳೆ ಈ ಸೀಮೆಯಲ್ಲೆಲ್ಲ ಗುಡುಗು ಸಿಡಿಲಿನ ಭಾರಿ ಮಳೆ, ಹಳ್ಳಗಳು ಉಕ್ಕಬಹುದು, ತುಂಬಿದ ಕೆರೆಗಳ ನೀರು ತಗ್ಗಿಸಿರಿ.

ಕೆರೆ ಕಾಯುವ ನೀರಗಂಟಿ ಏರಿಯ ಮೇಲೆ ಹೋಗಿ ನಿಂತ. ಏರಿ ಹಳೆಯದು. ಕೋಡಿ ಕಿರಿದು. ಹಳ್ಳ ಉಕ್ಕಿ ಬಂದರೆ ಏರಿ ಒಡೆಯಬಹುದು. ಒಡೆದರೆ ಅದರ ಕೆಳಗಿನ ಕೇರಿ ಉಳಿಯುವುದಿಲ್ಲ. ತೂಬು ಎತ್ತಿ ನೀರು ಹೊರಬಿಟ್ಟ ಮೇಲೆ ಮಳೆಯೇ ಬಾರದಿದ್ದರೆ ಬೇಸಿಗೆ ಬೆಳೆಗೆ ನೀರಿಲ್ಲ. ಎರಡೂ ಅವನಿಗೆ ಗೊತ್ತಿತ್ತು. ಅವನು ತೂಬಿನ ಕಡೆಗೆ ನಡೆದ.

ಸುದ್ದಿ ತಿಳಿದು ಊರಗೌಡ ಓಡಿ ಬಂದ. ಅವನ ಮನೆ ದಿಬ್ಬದ ಮೇಲಿತ್ತು.

“ಲೋ, ತಲೆ ಕೆಟ್ಟಿದೆಯೇನೋ? ನೆತ್ತಿ ಸುಡುವ ಬಿಸಿಲು, ಇವನಿಗೆ ಪ್ರವಾಹವಂತೆ! ಬಾಗಿನ ಮುಗಿಯಲಿ, ನಾಡಿದ್ದು ಎತ್ತು.”

“ನಾಡಿದ್ದು ಬಾ ಅಂತ ಮಳೆಗೂ ತಾವೇ ಒಂದು ಮಾತು ಹೇಳಿಬಿಡಿ ಬುದ್ಧಿ, ಈಗಲೇ ನಿಲ್ಲಿಸುತ್ತೇನೆ.”

ಸುತ್ತ ನಿಂತವರು ನಕ್ಕರು. ಗೌಡ ನಗಲಿಲ್ಲ. “ಮಳೆ ಬರದಿದ್ದರೆ ಈ ಕೆಲಸ ನಿನಗಿಲ್ಲ, ತಿಳಿಯಿತೇ?”

“ಆಗಲಿ ಬುದ್ಧಿ. ಈ ಹೊತ್ತಿಗೆ ಕೆಲಸ ನನ್ನದೇ ಅಲ್ಲವೇ?” ಎಂದು ನೀರಗಂಟಿ ತೂಬು ಎತ್ತಿದ.

ಮರುದಿನ ಮೋಡ ಕವಿಯಿತು. ಗುಡುಗಿಗೆ ನೆಲ ನಡುಗಿತು. ಆಮೇಲೆ ಗಾಳಿ ತಿರುಗಿತು. ಒಂದು ಹನಿಯೂ ಬೀಳಲಿಲ್ಲ. ಬಾಗಿನ ಬಿಡಲು ಬಂದ ಹೆಂಗಸರು ಮೊಣಕಾಲುದ್ದ ಕೆಸರು ತುಳಿದು ಅರ್ಧಕ್ಕೆ ಇಳಿದ ಕೆರೆಯ ನೀರು ಮುಟ್ಟಬೇಕಾಯಿತು. ಬೇಸಿಗೆಯಲ್ಲಿ ಬೆಳೆ ಒಣಗಿತು. ಕೇರಿಯವರ ಗದ್ದೆಗಳೂ ಒಣಗಿದವು. ಅವರೂ ನೀರಗಂಟಿಯನ್ನು ಬಾಯಿಗೆ ಬಂದಂತೆ ಬೈದರು. ಅವನು ತಪ್ಪಾಯಿತು ಎನ್ನಲಿಲ್ಲ. ಗೌಡ ಅವನನ್ನು ಕೆಲಸದಿಂದ ಬಿಡಿಸಿ ಬೇರೊಬ್ಬನನ್ನು ನೇಮಿಸಿದ. ಹೊಸಬ ಕೈಮುಗಿದು, “ತಮ್ಮ ಅಪ್ಪಣೆಯಿಲ್ಲದೆ ತೂಬು ಮುಟ್ಟುವುದಿಲ್ಲ” ಎಂದ. ಊರಿಗೆ ಸಮಾಧಾನವಾಯಿತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. “ನಾನು ಹೇಳಿದ್ದೂ ಅದೇ ತಾನೇ ಗುರುಗಳೇ? ಮಳೆ ಬರಲಿಲ್ಲ, ಬೆಳೆ ಹೋಯಿತು. ಅವನು ಮಾಡಿದ್ದು ತಪ್ಪೆಂದು ಫಲವೇ ಹೇಳಿಬಿಟ್ಟಿತಲ್ಲ!”

ಗುರುಗಳು ಅವನನ್ನೇ ನೋಡುತ್ತ ಕೇಳಿದರು: “ಇನ್ನೊಮ್ಮೆ ಅದೇ ಮುನ್ಸೂಚನೆ ಬಂದ ದಿನ ನಿನ್ನ ತಾಯಿ ಆ ಕೇರಿಯಲ್ಲಿ ಮಲಗಬೇಕಾದರೆ, ಈ ಇಬ್ಬರು ನೀರಗಂಟಿಗಳಲ್ಲಿ ಯಾರು ತೂಬಿನ ಬಳಿ ಇರಲಿ ಎನ್ನುತ್ತೀಯೆ?”