ಕಾಜಾಣನ ಬಿಟ್ಟಿ ಕಾವಲು

೧೯೭೪ರ ಆಗಸ್ಟ್ ೯ರ ನನ್ನ ದಿನಚರಿಯಲ್ಲಿ ಹರಟೆಮಲ್ಲ ಹಕ್ಕಿಗಳ ಈ ಸಂಗತಿ ಇದೆ.

ಹರಟೆಮಲ್ಲರಲ್ಲಿ ಒಬ್ಬರು ಕಾವಲು ಕೂತರೆ ಉಳಿದವರು ಮೇಯುತ್ತಿದ್ದರು. ಅಪಾಯದ ಕೂಗನ್ನು ಪೊದೆಯಿಂದ ಪೊದೆಗೆ ದಾಟಿಸುತ್ತಿದ್ದರು. ಒಂದು ದಿನ ಕಾಜಾಣ ಬಂದು, “ಎತ್ತರದ ಕೊಂಬೆ ನನ್ನದು. ಎಲ್ಲರ ಪರವಾಗಿ ನಾನೇ ಬಿಟ್ಟಿ ಕಾಯುತ್ತೇನೆ, ನೀವು ಹಾಯಾಗಿ ಹರಟಿ” ಎಂದ. ಎಲ್ಲ ಪೊದೆಗಳವರೂ ಅವನ ಮರದಡಿಗೆ ಬಂದು ಸೇರಿದರು.

ಅಂದಿನಿಂದ ಗಳಿಗೆಗೊಮ್ಮೆ “ಗಿಡುಗ! ಗಿಡುಗ!” ಎಂಬ ಕೂಗು. ಹಿಡಿದ ಹುಳವನ್ನು ಕೆಡವಿ ಎಲ್ಲರೂ ಅಡಗಲು ಓಡುವರು. ಹಿರಿಯಳಾದ ದೊಡ್ಡಕ್ಕನ ಮರಿ ಹಸಿವಿನಿಂದ ದಿನದಿನಕ್ಕೆ ಸೊರಗಿತು.

ಒಂದು ಬೆಳಿಗ್ಗೆ ಅವಳು ಮಿಡತೆಯೊಂದನ್ನು ಕಚ್ಚಿಕೊಂಡಿದ್ದಾಗ ಕಾಜಾಣ ಮತ್ತೆ ಕೂಗಿದ.

“ಬಿಸಾಕಿ ಬಾರೇ ಅಕ್ಕಾ, ಸಾಯ್ತೀಯ!” ತಂಗಿಯರು ಚೀರಿದರು.

ದೊಡ್ಡಕ್ಕ ಓಡದೆ ನಿಂತಳು. ತಲೆಯೆತ್ತಿ ತಾನೇ ನೋಡಿದಳು. ಆಕಾಶ ಬರಿದಾಗಿತ್ತು. ನೆಲದಲ್ಲಿ ತಂಗಿಯರು ಕೆಡವಿದ ಹುಳಗಳನ್ನು ಕಾಜಾಣ ಹೆಕ್ಕಿ ತಿನ್ನುತ್ತಿದ್ದ.

ಅವಳು ಮಿಡತೆಯನ್ನು ಮರಿಯ ಬಾಯಿಗಿಟ್ಟು, “ನಾನು ನನ್ನ ಪೊದೆಗೆ ಹೊರಟೆ” ಎಂದಳು.

“ಧಾರಾಳವಾಗಿ ಹೋಗಿ, ದೊಡ್ಡಕ್ಕನವರೇ! ಅಲ್ಲಿ ಕೂಗಿದರೆ ಯಾರಿಗೆ ಕೇಳಿಸುತ್ತದೆ? ಕೇಳುವವರೆಲ್ಲ ಇಲ್ಲಿದ್ದಾರಲ್ಲ” ಎಂದ ಕಾಜಾಣ.

“ಪಕ್ಕದ ಪೊದೆಗೆ ಒಬ್ಬರು ಬಂದರೂ ಸಾಕಪ್ಪ. ಆಚೆಗೆ ಅವರು ದಾಟಿಸುತ್ತಾರೆ.”

ಒಬ್ಬಳೇ ತಂಗಿ ಅವಳ ಹಿಂದೆ ಬಂದಳು. ಒಬ್ಬಳು ಮೇಯುವಾಗ ಇನ್ನೊಬ್ಬಳು ಕಾದಳು. ಮರಿ ಬಲಿತು ಹಾರಿತು. ಅದಕ್ಕಾಗಿ ದೊಡ್ಡಕ್ಕ ತೆತ್ತದ್ದು ತನ್ನ ಅರ್ಧ ಊಟ, ಮತ್ತು ಕಾಜಾಣನ ಮರದಡಿಯಲ್ಲೇ ಉಳಿದ ಐವರು ತಂಗಿಯರ ಮಾತುಕತೆ.