ಐದು ಮೂಸೆಯ ಗಂಟೆ

"ಬುದ್ಧಿ, ಅಡುಗೆಯವರಿಗೆ ಭಜನೆ ಯಾಕೆ?" ಎಂದು ಗುರುಪಾದ ಗುರುಗಳನ್ನು ಕೇಳಿದ.

ಅವನು ಮಠದ ಅಡುಗೆಮನೆಯ ಉಸ್ತುವಾರಿ ನೋಡುವ ಶಿಷ್ಯ. ಹಿಂದಿನ ದಿನ ಅನ್ನ ಆರಿ ತಣ್ಣಗಾದ ಮೇಲೆ ಸಾರು ಒಲೆಯಿಂದ ಇಳಿದಿತ್ತು. ಸಾಲದ್ದಕ್ಕೆ ಆ ಸಾರಿಗೆ ಇಬ್ಬರು ಉಪ್ಪು ಹಾಕಿದ್ದರು.

"ನಿಮ್ಮ ಅಪ್ಪಣೆಯಂತೆ ದಿನಾ ಸಂಜೆ ಒಂದು ತಾಸು ಎಲ್ಲರೂ ಕೂತು ನುಡಿಸುತ್ತಿದ್ದೇವೆ. ತಿಂಗಳಾಯಿತು. ನಾನೂ ತಾಳ ಹಾಕುತ್ತೇನೆ, ಒಂದು ದಿನವೂ ತಪ್ಪಿಲ್ಲ. ಅಡುಗೆಮನೆ ಮಾತ್ರ ಹಾಗೇ ಇದೆ. ಆ ಹೊತ್ತಿನಲ್ಲಿ ನಾಲ್ಕು ಸೇರು ಬೇಳೆಯಾದರೂ ಆರಿಸಬಹುದಿತ್ತು."

ಗುರುಗಳು ನಕ್ಕರು. "ಕೂತುಕೋ. ಒಬ್ಬ ಕಂಚುಗಾರನ ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಕೈಗಂಟೆ, ದೀಪ, ತಟ್ಟೆಗಳ ಎರಕ ಹೊಯ್ಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಒಂದು ಮಳೆಗಾಲದಲ್ಲಿ ಹೊಳೆ ಇದ್ದಕ್ಕಿದ್ದಂತೆ ಏರಿ, ಆಚೆ ದಡದಲ್ಲಿ ಮೇಯುತ್ತಿದ್ದ ದನಗಳು ಕೊಚ್ಚಿಹೋದವು. ಕಾಯುವವರು ಮರ ಹತ್ತಿ ಜೀವ ಉಳಿಸಿಕೊಂಡರು. ಮುಂದಿನ ಮಳೆಗಾಲದೊಳಗೆ ಆಚೆ ದಡಕ್ಕೂ ಕೇಳಿಸುವಂಥ ಗಂಟೆಯೊಂದು ಬೇಕೆಂದು ಊರು ತೀರ್ಮಾನಿಸಿತು. ಮನೆಮನೆಯಿಂದ ಹಳೆಯ ಕಂಚಿನ ಪಾತ್ರೆಗಳು ಬಂದವು. ಕಂಚುಗಾರ ಒಪ್ಪಿಕೊಂಡ.

ಅಷ್ಟು ದೊಡ್ಡ ಗಂಟೆಗೆ ಒಂದು ಮೂಸೆ ಕಂಚು ಸಾಲದು. ಐದು ಮೂಸೆಗಳಲ್ಲಿ ಕರಗಿಸಬೇಕು. ಒಂದರ ಧಾರೆ ನಿಲ್ಲುವ ಮೊದಲೇ ಇನ್ನೊಂದರ ಧಾರೆ ಅಚ್ಚಿಗೆ ಇಳಿಯಬೇಕು. ನಡುವೆ ತುಸು ಬಿಡುವಾದರೂ ಮೊದಲಿನ ಕಂಚು ಆರುತ್ತದೆ, ಎರಡನೆಯದು ಅದಕ್ಕೆ ಬೆಸೆದುಕೊಳ್ಳುವುದಿಲ್ಲ. ಕಂಚುಗಾರ ಐದು ಊರುಗಳಿಂದ ಐವರು ಪಳಗಿದ ಕೈಯವರನ್ನು ಕರೆಸಿದ. ತಾನು ಎತ್ತರದ ಕಲ್ಲಿನ ಮೇಲೆ ನಿಂತು, ಯಾರು ಯಾವಾಗ ಹೊಯ್ಯಬೇಕೆಂದು ಕೂಗಿ ಹೇಳಿದ.

ಕುಲುಮೆಯ ಸದ್ದಿನಲ್ಲಿ ಮೂರನೆಯವನಿಗೆ ಕೂಗು ಕೇಳಿಸಲಿಲ್ಲ. ಅವನು ಅಪ್ಪಣೆಗೆ ಕಾದ. ಗಂಟೆಯ ನಡುವಿಗೆ ಬಿರುಕು ಬಂತು. ಬಾರಿಸಿದರೆ ಒಡೆದ ಮಡಕೆಯ ಸದ್ದು.

ಅದನ್ನೇ ಮತ್ತೆ ಕರಗಿಸಿದರು. ಈ ಸಲ ಕಂಚುಗಾರ ಇನ್ನೂ ಜೋರಾಗಿ ಕೂಗಿದ. ತನ್ನನ್ನೇ ಕರೆದರೆಂದು ಇಬ್ಬರು ಒಟ್ಟಿಗೆ ಹೊಯ್ದರು. ಕಂಚು ಉಕ್ಕಿ ನೆಲಕ್ಕೆ ಹರಿಯಿತು, ಎಲ್ಲರೂ ಕಾಲೆತ್ತಿ ಕುಣಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಂಚುಗಾರ ಅಚ್ಚಿನ ಮಣ್ಣನ್ನು ಬೈದ, ಇದ್ದಿಲನ್ನು ಬೈದ, ಕೊನೆಗೆ ಐವರನ್ನೂ ಬೈದ. ಒಳಗೊಳಗೆ ಅವನಿಗೆ ಹೆದರಿಕೆಯಾಗಿತ್ತು. ಮಳೆಗಾಲಕ್ಕೆ ಉಳಿದದ್ದು ಒಂದೇ ತಿಂಗಳು. ಹೊಸ ಅಚ್ಚು ಒಣಗಲಿಕ್ಕೇ ಅಷ್ಟು ದಿನ ಬೇಕು. ಇನ್ನೊಂದು ಸಲ ಕೆಟ್ಟರೆ ಗಂಟೆಯಿಲ್ಲದೆಯೇ ಹೊಳೆ ಏರುತ್ತದೆ.

ಅವನ ಹೆಂಡತಿ ಹಾಡುವ ಮನೆತನದವಳು. ಅಚ್ಚು ಒಣಗುವವರೆಗೆ ಗಂಡಸರು ಜಗಲಿಯಲ್ಲಿ ಕೂತು ಒಬ್ಬರನ್ನೊಬ್ಬರು ದೂರುವುದನ್ನು ಅವಳು ಎರಡು ದಿನ ನೋಡಿದಳು. ಮೂರನೆಯ ದಿನ ತವರಿನಿಂದ ಮದ್ದಳೆ, ದಮ್ಮಡಿ, ಏಕತಾರಿ ಎಲ್ಲ ತರಿಸಿ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟಳು. ಗಂಡನಿಗೆ ತಾಳ ಕೊಟ್ಟಳು. ಅನ್ನ ಬಡಿಸುವ ಕೈ ಅವಳದ್ದು, ಹಾಗಾಗಿ ಆರು ಮಂದಿಯೂ ಮರುಮಾತಾಡಲಿಲ್ಲ.

ಮೊದಲ ದಿನ ಜಗಲಿಯ ನಾಯಿ ಊರಾಚೆ ಓಡಿತು. ಎಲ್ಲರಿಗಿಂತ ಜೋರು ಕಂಚುಗಾರನ ತಾಳ. ಹೆಂಡತಿ ಮಾತ್ರ ತೀರ ಮೆಲ್ಲಗೆ ಹಾಡುತ್ತಿದ್ದಳು.

"ಸ್ವಲ್ಪ ಗಟ್ಟಿಯಾಗಿ ಹಾಡೇ, ಏನೂ ಕೇಳಿಸುತ್ತಿಲ್ಲ" ಎಂದ ಕಂಚುಗಾರ.

"ಕೇಳಿಸಬೇಕಾದರೆ ನೀವು ಮೆಲ್ಲಗೆ ಹಾಕಿ" ಎಂದಳು ಹೆಂಡತಿ. ಅವಳ ದನಿ ಒಂದಿಷ್ಟೂ ಏರಲಿಲ್ಲ.

ಬೇರೆ ದಾರಿಯಿಲ್ಲದೆ ಅವನು ಕೈ ತಗ್ಗಿಸಿದ. ಉಳಿದವರೂ ತಗ್ಗಿಸಿದರು. ಆಗ ಹಾಡಿನ ಜೊತೆಗೆ ಇನ್ನೂ ಏನೇನೋ ಕೇಳಿಸತೊಡಗಿತು. ಮದ್ದಳೆಯವನಿಗೆ ಸಾಲಿನ ಕೊನೆಯಲ್ಲಿ ಆತುರ. ದಮ್ಮಡಿಯವನ ಕೈ ಬೇಗ ಸೋಲುತ್ತದೆ. ಏಕತಾರಿಯವನು ಯಾರಾದರೂ ಮುಂದೆ ಹೋಗಲಿ ಎಂದು ಕಾಯುತ್ತಾನೆ. ಎರಡು ಸಲ ಇವರ ಜೊತೆ ಎರಕದ ಕೆಲಸ ಮಾಡಿದ್ದರೂ ಕಂಚುಗಾರನಿಗೆ ಇದೊಂದೂ ತಿಳಿದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ದಿನ ಕಳೆದಂತೆ ನಾಚಿಕೆ ಹೋಗಿ ಖುಷಿ ಬಂತು. ಒಬ್ಬನ ಕೈ ಸೋತರೆ ಪಕ್ಕದವನು ಎತ್ತಿಕೊಳ್ಳುತ್ತಿದ್ದ, ಹಾಡು ನಿಲ್ಲುತ್ತಿರಲಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಾಯಿಯೂ ಜಗಲಿಗೆ ಮರಳಿತು.

ಅಚ್ಚು ಒಣಗಿತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಈ ಸಲ ಕಂಚುಗಾರ ಕಲ್ಲು ಹತ್ತಲಿಲ್ಲ, ಕೆಳಗೆ ನಿಂತು ಕುಲುಮೆಗೆ ಗಾಳಿಯೂದುವ ತಿದಿ ಒತ್ತಿದ. ಕೂಗಲು ಒಮ್ಮೆ ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಮೊದಲನೆಯವನ ಧಾರೆ ಸಣ್ಣಗಾಗುವ ಸದ್ದಿಗೇ ಎರಡನೆಯವನು ಮೂಸೆ ಬಾಗಿಸಿದ. ಮೂರನೆಯವನು ದಮ್ಮಡಿಯವನು. ಅವನ ಕೈ ಸೋಲತೊಡಗಿತು. ನಾಲ್ಕನೆಯವನು ಅದಕ್ಕೆ ಕಾದೇ ಇದ್ದವನಂತೆ ತುಸು ಮೊದಲೇ ಹೊಯ್ದ. ಧಾರೆ ಎಲ್ಲೂ ಕಡಿಯಲಿಲ್ಲ.

ಎಂಟನೆಯ ದಿನ ಹೊಳೆ ಏರತೊಡಗಿತು. ಗಂಟೆ ಬಾರಿಸಿದರು. ಆಚೆ ದಡದವರೆಲ್ಲ ದನಗಳೊಂದಿಗೆ ದಾಟಿ ಬಂದರು. ಕೊನೆಗೆ ಬಂದ ಮುದುಕನೊಬ್ಬ, ಇಷ್ಟು ಜೋರಾಗಿ ಬಾರಿಸಿದರೆ ಎಮ್ಮೆ ಬೆದರುವುದಿಲ್ಲವೇ ಎಂದು ಜಗಳ ತೆಗೆದ. ಆ ಬೈಗುಳ ಕೇಳಿ ಕಂಚುಗಾರನಿಗಾದಷ್ಟು ಸಂತೋಷ ಹೊಗಳಿಕೆ ಕೇಳಿ ಎಂದೂ ಆಗಿರಲಿಲ್ಲ.

ಕತೆ ಮುಗಿಯಿತು. ಗುರುಪಾದ ಹಿಗ್ಗಿನಿಂದ ಎದ್ದು ನಿಂತ.

"ತಿಳಿಯಿತು ಬುದ್ಧಿ. ಇವತ್ತೇ ಹೋಗಿ ಎಲ್ಲರಿಗೂ ಗಟ್ಟಿಯಾಗಿ ಹೇಳುತ್ತೇನೆ, ಪಕ್ಕದವರನ್ನು ಕೇಳಿಸಿಕೊಳ್ಳಿ ಅಂತ."

ಗುರುಗಳು ಕೇಳಿದರು: "ನಿನ್ನೆ ಭಜನೆಯಲ್ಲಿ ನಿನ್ನ ಪಕ್ಕ ಕೂತವನು ಏನು ನುಡಿಸುತ್ತಿದ್ದ, ಗುರುಪಾದ?"